ಬಿಟ್ಟಿ ಎಂದಿರಲ್ಲ, ಅದರ ಬಗ್ಗೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಡೇಟಾ ವಿಶ್ಲೇಷಣೆ ಕಲಿಯುವವರಿಗೆ ಸಲಹೆ ಕೊಡುವ ಲೇಖನ ಬಂದಿತ್ತು. ಚೆನ್ನಾಗಿತ್ತು. ಓದಿ ಅಂತ ನಾನೇ ನಾಲ್ಕು ಜನಕ್ಕೆ ಹೇಳಿದೆ. ಆದರೆ ಕೊನೆಯ ಪ್ಯಾರಾದ ಒಂದು ಮಾತು ಮನಸ್ಸಿಗೆ ಚುಚ್ಚಿತು. ಲೆಕ್ಕಕ್ಕೆ ಕೋಡ್ ಬರೆಯುವ ಭಾಷೆಗಳಾದ ಆರ್, ಪೈಥಾನ್ ಮುಂತಾದವು ಬಿಟ್ಟಿ ಸಾಫ್ಟ್‌ವೇರ್‌ಗಳು, ಕಲಿಯೋದಕ್ಕೆ ಸಾಕು, ಗಂಭೀರ ಕೆಲಸಕ್ಕೆ ದುಡ್ಡು ಕೊಟ್ಟು ಕೊಂಡದ್ದೇ ಆಗಬೇಕು, ಏಕೆಂದರೆ ಇವುಗಳ ಹಿಂದೆ ಯಾವ ಕಂಪನಿಯೂ ಇಲ್ಲ ಎಂದು ಲೇಖಕರು ಬರೆದಿದ್ದಾರೆ.

ನಾನು ಮೂವತ್ತೊಂದು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಜಗಳಕ್ಕೆ ಬಂದಿಲ್ಲ. ಆ ‘ಬಿಟ್ಟಿ’ ಪದ ಯಾಕೆ ಸರಿಯಿಲ್ಲ ಅನ್ನುವುದಕ್ಕೆ ನನ್ನದೇ ಒಂದು ಕಥೆ ಇದೆ, ಹೇಳಿಬಿಡುತ್ತೇನೆ. ಪತ್ರ ಸ್ವಲ್ಪ ಉದ್ದವಾಗುತ್ತದೆ. ಕತ್ತರಿ ಹಾಕಲೇಬೇಕಾದರೆ ನಡುವೆ ಹಾಕಿ.

1996ರಲ್ಲಿ ನನ್ನ ಪಿಎಚ್‌.ಡಿ. ಪ್ರಬಂಧ ಮುಗಿಯಿತು. 240 ಸಸಿಗಳ ಮೇಲೆ ಮಾಡಿದ ಪ್ರಯೋಗ. ಮೂರು ಬಗೆಯ ಮಣ್ಣು, ಎರಡು ಬಗೆಯ ಬೆಳಕು. ಅಂದರೆ ಆರು ಗುಂಪು, ಗುಂಪಿಗೆ 40 ಕುಂಡ. ವಾರಕ್ಕೊಮ್ಮೆ ಸ್ಕೇಲ್ ಹಿಡಿದು ಒಂದೊಂದರ ಎತ್ತರ ಅಳೆದು ಬರೆದುಕೊಳ್ಳುತ್ತಿದ್ದೆ. ಕೊನೆಗೆ ಬದುಕಿ ಉಳಿದದ್ದು 211. ನೆರಳಿನಲ್ಲಿಟ್ಟ ಜೇಡಿಮಣ್ಣಿನ ಸಸಿಗಳೇ ಜಾಸ್ತಿ ಸತ್ತವು. ಈ ಸಾವಿನ ಲೆಕ್ಕ ಮುಂದೆ ಬೇಕಾಗುತ್ತದೆ, ನೆನಪಿರಲಿ.

ವಿಶ್ಲೇಷಣೆಯೆಲ್ಲ ಮಾಡಿದ್ದು ವಿಭಾಗದಲ್ಲಿದ್ದ ಒಂದೇ ಒಂದು ಕಂಪ್ಯೂಟರಿನಲ್ಲಿ. ಅದರಲ್ಲಿದ್ದದ್ದು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಬೇಕಾದ ಒಂದು ಪ್ಯಾಕೇಜ್, ಅಂದರೆ ಸಂಖ್ಯಾಶಾಸ್ತ್ರದ ಲೆಕ್ಕದ ಸಾಫ್ಟ್‌ವೇರ್. ಹೆಸರು ಬೇಡ. ನಮ್ಮ ಸರದಿ ಬರುವ ತನಕ ಕಾರಿಡಾರಿನಲ್ಲಿ ಕಾಯುತ್ತಿದ್ದೆವು. ಫೈಲನ್ನು ಅದರದ್ದೇ ನಮೂನೆಯಲ್ಲಿ ಫ್ಲಾಪಿಗೆ ಹಾಕಿಕೊಂಡೆ. ಎರಡು ವರ್ಷ ಆದ ಮೇಲೆ ಲೈಸೆನ್ಸ್ ಮುಗಿಯಿತು, ಯಾರೂ ನವೀಕರಿಸಲಿಲ್ಲ. ತೆರೆಯಲು ಹೋದರೆ ಅವಧಿ ಮುಗಿದಿದೆ ಎಂಬ ಒಂದು ಸಾಲು ಬಂದು ನಿಲ್ಲುತ್ತಿತ್ತು. ನಾನೇ ಕೂತು ಅಳೆದ ಸಸಿಗಳ ಎತ್ತರ ನೋಡಲು ನನಗೇ ಅನುಮತಿ ಇಲ್ಲ! ಬರೆದುಕೊಂಡ ನೋಟ್‌ಬುಕ್ ಇತ್ತಲ್ಲ ಎಂದು ಕೇಳಬಹುದು. ಇತ್ತು. ಅದರ ಅರ್ಧದಷ್ಟು ಪುಟಗಳಿಗೆ ನೀರು ಬಿದ್ದು ಶಾಯಿ ಕಲಸಿಹೋಗಿತ್ತು.

ಹತ್ತು ವರ್ಷ ಆ ಫ್ಲಾಪಿ ಪೆಟ್ಟಿಗೆಯಲ್ಲೇ ಇತ್ತು. 2006ರಲ್ಲಿ ನನ್ನ ವಿದ್ಯಾರ್ಥಿಯೊಬ್ಬ, ‘ಮೇಡಂ, ಆರ್‌ನಲ್ಲಿ ಫಾರಿನ್ ಅಂತ ಒಂದು ಪ್ಯಾಕೇಜ್ ಇದೆ, ಬೇರೆ ಸಾಫ್ಟ್‌ವೇರ್‌ಗಳ ಫೈಲ್ ಓದುತ್ತೆ, ಕೊಡಿ ನೋಡೋಣ’ ಎಂದ. (ಆರ್‌ಗೆ ಬೇಕಾದಾಗ ಸೇರಿಸಿಕೊಳ್ಳುವ ಹೆಚ್ಚುವರಿ ಕೋಡಿನ ಕಟ್ಟನ್ನೂ ಪ್ಯಾಕೇಜ್ ಅನ್ನುತ್ತಾರೆ.) ಅವನು ಒಂದೇ ಸಾಲು ಟೈಪ್ ಮಾಡಿದ. ಪರದೆ ಮೇಲೆ 211 ಸಾಲು ಉರುಳಿ ಬಂದವು. ಮೊದಲನೆಯ ಸಸಿ, ಮರಳುಮಣ್ಣು, ಬಿಸಿಲು. ಎಲ್ಲಾ ಇತ್ತು. ನಾನು ಆಗ ಏನೂ ಮಾತಾಡಲಿಲ್ಲವಂತೆ, ಅವನು ಈಗಲೂ ಅದನ್ನು ಹೇಳಿ ನಗುತ್ತಾನೆ.

ಆರ್ ಎಲ್ಲಿಂದ ಬಂತು ಎಂದು ಆಮೇಲೆ ಹುಡುಕಿಕೊಂಡು ಓದಿದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬ ಇಬ್ಬರು ಅಧ್ಯಾಪಕರು ಪಾಠಕ್ಕೆ ಸರಿಯಾದ ಸಾಧನವಿಲ್ಲ ಎಂದು ಬರೆಯಲು ಶುರು ಮಾಡಿದ್ದು ಇದು. ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಜೊತೆಗಾರರು 1976ರಿಂದ ಕಟ್ಟಿದ ಎಸ್ ಎಂಬ ಭಾಷೆ ಇದಕ್ಕೆ ಮಾದರಿ. ರಾಸ್, ರಾಬರ್ಟ್ ಇಬ್ಬರ ಹೆಸರೂ ಇಂಗ್ಲಿಷಿನ ಆರ್ ಅಕ್ಷರದಿಂದಲೇ ಶುರುವಾಗುತ್ತದೆ, ಎಸ್‌ಗಿಂತ ಒಂದು ಅಕ್ಷರ ಹಿಂದೆ. ಹಾಗಾಗಿ ಆರ್. 1993ರಲ್ಲಿ ಮೊದಲ ಸಲ ಹೊರಗಿನವರ ಕೈಗೆ ಕೊಟ್ಟರು. 1995ರಲ್ಲಿ, ಸ್ವಿಟ್ಜರ್ಲೆಂಡಿನ ಮಾರ್ಟಿನ್ ಮೆಖ್ಲರ್ ಒತ್ತಾಯ ಮಾಡಿದ್ದರಿಂದ, ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನಡಿ ಬಿಡುಗಡೆ ಮಾಡಿದರು. ಯಾರು ಬೇಕಾದರೂ ಬಳಸಬಹುದು, ಒಳಗೆ ನೋಡಬಹುದು, ತಿದ್ದಬಹುದು, ಹಂಚಬಹುದು. ತಿದ್ದಿದ್ದನ್ನು ಹಂಚುವುದಾದರೆ ಅದರ ಕೋಡನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. 1.0.0 ಆವೃತ್ತಿ ಬಂದದ್ದು 2000ದ ಫೆಬ್ರುವರಿ 29ರಂದು. ನಾನು ಪ್ರಬಂಧ ಬರೆಯುತ್ತಿದ್ದ, ಆಮೇಲೆ ಲೈಸೆನ್ಸ್ ಇಲ್ಲದೆ ತಲೆ ಮೇಲೆ ಕೈ ಹೊತ್ತು ಕೂತಿದ್ದ ದಿನಗಳಲ್ಲೇ ಇದೆಲ್ಲ ನಡೆಯುತ್ತಿತ್ತು. ನನಗೆ ಸುದ್ದಿಯೇ ಇರಲಿಲ್ಲ.

ಈ ‘ಒಳಗೆ ನೋಡಬಹುದು’ ಅನ್ನುವುದೇ ಲೇಖನದಲ್ಲಿ ಬಿಟ್ಟುಹೋದ ಮಾತು. ಫೈಲ್ ತೆರೆದ ಖುಷಿಯಲ್ಲಿ ಪ್ರಬಂಧದ ಕೋಷ್ಟಕಗಳನ್ನೆಲ್ಲ ಆರ್‌ನಲ್ಲಿ ಮತ್ತೆ ಲೆಕ್ಕ ಹಾಕಿದೆ. ಮೂರು ಕಡೆ ತಾಳೆಯಾಗಲಿಲ್ಲ.

ಮೊದಲನೆಯದು ಚಿಕ್ಕದು. ಕ್ವಾರ್ಟೈಲ್, ಅಂದರೆ ಅಂಕಿಗಳನ್ನು ಏರಿಕೆ ಕ್ರಮದಲ್ಲಿಟ್ಟು ನಾಲ್ಕು ಭಾಗ ಮಾಡುವ ಗಡಿಗಳು. ಶಾಲೆ ಮಕ್ಕಳಿಗೂ ಕಲಿಸುತ್ತೇವೆ. ಇದರಲ್ಲಿ ತಪ್ಪೋದಕ್ಕೆ ಏನಿದೆ ಅಂತ ಅನ್ನಿಸುತ್ತದೆ ಅಲ್ವಾ? 10, 20, 30, 40 ಎಂಬ ನಾಲ್ಕೇ ಅಂಕಿ ತೆಗೆದುಕೊಳ್ಳಿ. ಮೊದಲ ಕ್ವಾರ್ಟೈಲ್ ಎಷ್ಟು? ಒಂದು ವಿಧಾನದಲ್ಲಿ 12.5, ಇನ್ನೊಂದರಲ್ಲಿ 15, ಮತ್ತೊಂದರಲ್ಲಿ 17.5. ಮೂರೂ ಸರಿ. ಸಾಫ್ಟ್‌ವೇರ್‌ಗಳಲ್ಲಿ ಇಂಥ ಒಂಬತ್ತು ವ್ಯಾಖ್ಯೆಗಳಿವೆ ಎಂದು ಹೈಂಡ್‌ಮನ್ ಮತ್ತು ಫ್ಯಾನ್ ಎಂಬಿಬ್ಬರು 1996ರಲ್ಲಿ ಒಂದು ಲೇಖನ ಬರೆದು ಪಟ್ಟಿ ಮಾಡಿದ್ದಾರೆ. ನನ್ನ ಪ್ರಬಂಧ ಮುಗಿದ ವರ್ಷವೇ! ಆರ್‌ನಲ್ಲಿ ಆ ಒಂಬತ್ತೂ ಇವೆ. ಯಾವುದು ಬೇಕೆಂದು ಹೇಳದಿದ್ದರೆ ಏಳನೆಯದನ್ನು ಬಳಸುತ್ತದೆ, ಹಾಗೆಂದು ಸಹಾಯ ಪುಟದಲ್ಲೇ ಬರೆದಿದೆ. ನಾನು ಒಂದೊಂದಾಗಿ ಹಾಕುತ್ತಾ ಹೋದೆ. ಆರನೆಯದು ನನ್ನ ಹಳೆಯ ಕೋಷ್ಟಕಕ್ಕೆ ದಶಮಾಂಶದವರೆಗೂ ಹೊಂದಿಕೊಂಡಿತು.

ಎರಡನೆಯದು ನಿದ್ದೆ ಕೆಡಿಸಿತು. ಮಣ್ಣಿನಿಂದ ಎತ್ತರಕ್ಕೆ ವ್ಯತ್ಯಾಸ ಆಗುತ್ತದೆಯೇ ಎಂಬುದು ಪ್ರಬಂಧದ ಮುಖ್ಯ ಪ್ರಶ್ನೆ. ಇದಕ್ಕೆ ಪಿ-ವ್ಯಾಲ್ಯೂ ನೋಡುತ್ತೇವೆ, ಅಂದರೆ ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಕಾಣುವ ಸಂಭವ. ಹಳೆಯ ಪ್ಯಾಕೇಜ್ ಕೊಟ್ಟಿದ್ದು 0.07. ಆರ್ ಕೊಟ್ಟದ್ದು 0.03. 0.05ಕ್ಕಿಂತ ಕಡಿಮೆ ಬಂದರೆ ಪರಿಣಾಮ ಕಂಡಿತು ಅನ್ನುವುದು ವಾಡಿಕೆ. ನಮ್ಮ ಕ್ಷೇತ್ರದಲ್ಲಿ ಆ ಗೆರೆಗೆ ಎಷ್ಟು ಮರ್ಯಾದೆ ಅಂತ ಗೊತ್ತಿರುವವರಿಗೆ ನನ್ನ ಹೊಟ್ಟೆ ಹೇಗೆ ಕಲಸಿರಬಹುದು ಎಂಬುದೂ ಗೊತ್ತಾಗುತ್ತದೆ. ಹತ್ತು ವರ್ಷದಿಂದ ‘ಮಣ್ಣಿನ ಪರಿಣಾಮ ಕಾಣಲಿಲ್ಲ’ ಎಂದು ಹೇಳಿಕೊಂಡು ಬಂದಿದ್ದೆ.

ಇಲ್ಲಿ ಸತ್ತ ಸಸಿಗಳು ಬರುತ್ತವೆ. ಆರೂ ಗುಂಪಿನಲ್ಲಿ 40-40 ಸಸಿ ಉಳಿದಿದ್ದರೆ ಮಣ್ಣಿನ ಪಾಲು ಇಷ್ಟು, ಬೆಳಕಿನ ಪಾಲು ಇಷ್ಟು ಎಂದು ಸಲೀಸಾಗಿ ಬೇರ್ಪಡಿಸಬಹುದಿತ್ತು. ನೆರಳಿನ ಜೇಡಿಮಣ್ಣಿನಲ್ಲಿ ಜಾಸ್ತಿ ಸತ್ತದ್ದರಿಂದ ಉಳಿದ ಜೇಡಿಮಣ್ಣಿನ ಸಸಿಗಳಲ್ಲಿ ಬಿಸಿಲಿನವೇ ಹೆಚ್ಚು. ಈಗ ಮಣ್ಣು, ಬೆಳಕು ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಇಬ್ಬರೂ ಸೇರಿ ಮಾಡಿದ ಕೆಲಸದ ಕೀರ್ತಿ ಯಾರಿಗೆ ಕೊಡಬೇಕು? ಆರ್‌ನ ಸಾಮಾನ್ಯ ಆದೇಶ ನಾವು ಬರೆದ ಕ್ರಮದಲ್ಲೇ ಹೋಗುತ್ತದೆ. ಮೊದಲು ಬರೆದದ್ದಕ್ಕೆ ಇಬ್ಬರಿಗೂ ಸೇರಿದ ಪಾಲೂ ಹೋಗುತ್ತದೆ, ಎರಡನೆಯದಕ್ಕೆ ಉಳಿದದ್ದು. ನಾನು ಮಣ್ಣನ್ನು ಮೊದಲು ಬರೆದಿದ್ದೆ. ಹಳೆಯ ಪ್ಯಾಕೇಜ್ ಮಾತ್ರ ಪ್ರತಿಯೊಂದಕ್ಕೂ ಉಳಿದದ್ದೆಲ್ಲ ಲೆಕ್ಕಕ್ಕೆ ಬಂದ ಮೇಲೆ ಮಿಕ್ಕ ಪಾಲನ್ನಷ್ಟೇ ಕೊಡುತ್ತಿತ್ತು. ನಾವು ಸಂಖ್ಯಾಶಾಸ್ತ್ರದವರು ಇವನ್ನು ಟೈಪ್ 1, ಟೈಪ್ 3 ಎನ್ನುತ್ತೇವೆ. ಪ್ರಶ್ನೆ ಬೇರೆ ಬೇರೆ, ಹಾಗಾಗಿ ಉತ್ತರವೂ ಬೇರೆ. ಪ್ರಬಂಧ ತಪ್ಪಾಗಿರಲಿಲ್ಲ. ಆದರೆ ನಾನು ಯಾವ ಪ್ರಶ್ನೆ ಕೇಳಿದ್ದೆ ಅನ್ನುವುದು ನನಗೇ ಗೊತ್ತಿರಲಿಲ್ಲ, ಅದನ್ನು ಪ್ಯಾಕೇಜ್ ನನ್ನ ಪರವಾಗಿ ತೀರ್ಮಾನ ಮಾಡಿಬಿಟ್ಟಿತ್ತು. ಜಾನ್ ಫಾಕ್ಸ್ ಬರೆದ ಕಾರ್ ಎಂಬ ಪ್ಯಾಕೇಜ್ ಹಾಕಿ ಆರ್‌ನಲ್ಲೇ ಟೈಪ್ 3 ಮಾಡಿದೆ, 0.07 ಬಂತು. ಅದಕ್ಕೆ ಮೊದಲು ಗುಂಪುಗಳನ್ನು ಅಂಕಿಯಾಗಿ ಬದಲಿಸುವ ರೀತಿಯನ್ನೂ ಬದಲಿಸಬೇಕು, ಇಲ್ಲದಿದ್ದರೆ ಅರ್ಥವಿಲ್ಲದ ಸಂಖ್ಯೆ ಬರುತ್ತದೆ. ಆ ಗುಂಡಿಗೂ ಒಮ್ಮೆ ಬಿದ್ದೇ ಎದ್ದೆ.

ಒಳಗೆ ನೋಡುವುದು ಹೇಗೆ ಎಂದರೆ, ಮಾನಕ ವಿಚಲನೆಗೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಗೆ, ಆರ್‌ನಲ್ಲಿ ಎಸ್‌ಡಿ ಎಂಬ ಎರಡಕ್ಷರದ ಆದೇಶವಿದೆ. ಬ್ರಾಕೆಟ್ ಹಾಕದೆ ಬರೀ ಆ ಎರಡಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಅದರ ಒಳಗಿನ ಕೋಡ್ ಕಣ್ಣ ಮುಂದೆ ಬರುತ್ತದೆ. ನನ್ನ ತರಗತಿಯಲ್ಲಿ ಮೊದಲ ದಿನದ ಪಾಠ ಇದೇ ಆಗಿತ್ತು. ಹುಡುಗರಿಗೆ ಪೂರ್ತಿ ಅರ್ಥ ಆಗುತ್ತಿರಲಿಲ್ಲ. ಆದರೂ ಮುಚ್ಚಳ ತೆಗೆಯಬಹುದು ಅಂತ ಗೊತ್ತಾಗುತ್ತಿತ್ತಲ್ಲ.

ಪೈಥಾನ್ ಕಡೆಯವರಿಗೂ ಒಂದು ಉದಾಹರಣೆ ಕೊಡುತ್ತೇನೆ, ಇಲ್ಲದಿದ್ದರೆ ಪಕ್ಷಪಾತ ಅಂದಾರು. 2, 4, 6 ಎಂಬ ಮೂರು ಅಂಕಿಗಳ ಮಾನಕ ವಿಚಲನೆಯನ್ನು ಪೈಥಾನ್‌ನ ನಂಪೈ ಎಂಬ ಲೆಕ್ಕದ ಪ್ಯಾಕೇಜಿಗೆ ಕೇಳಿದರೆ 1.63 ಎನ್ನುತ್ತದೆ. ಪಾಂಡಾಸ್ ಎಂಬ ಇನ್ನೊಂದು ಪ್ಯಾಕೇಜಿಗೆ ಕೇಳಿದರೆ 2 ಎನ್ನುತ್ತದೆ. ಪಾಂಡಾಸ್ ನಿಂತಿರುವುದೇ ನಂಪೈ ಮೇಲೆ! ಒಂದು ಮೂರರಿಂದ ಭಾಗಿಸುತ್ತದೆ, ಇನ್ನೊಂದು ಎರಡರಿಂದ, ಅಷ್ಟೇ. ಯಾಕೆ ಎಂದು ಎರಡರ ಕೈಪಿಡಿಯಲ್ಲೂ ಇದೆ. ಓದುವವರು ಕಡಿಮೆ.

ಮುಕ್ತ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಪಟ್ಟಿಯಿಂದ ಲಾಟರಿಯಂತೆ ಆಯುವ ಆರ್‌ನ ಆದೇಶದಲ್ಲಿ ಬಹಳ ವರ್ಷ ಒಂದು ಸಣ್ಣ ಐಬಿತ್ತು. ಪಟ್ಟಿ ತುಂಬಾ ದೊಡ್ಡದಾದರೆ ಎಲ್ಲರಿಗೂ ಪೂರ್ತಿ ಸಮಾನ ಅವಕಾಶ ಸಿಗುತ್ತಿರಲಿಲ್ಲ. 2019ರಲ್ಲಿ ಬಂದ 3.6.0 ಆವೃತ್ತಿಯಲ್ಲಿ ಸರಿಪಡಿಸಿದರು. ಆ ವರ್ಷ ನನ್ನ ತರಗತಿಯಲ್ಲಿ ತಮಾಷೆಯೇ ಆಯಿತು. ಎಲ್ಲರೂ ಒಂದೇ ಬೀಜಸಂಖ್ಯೆ, ಅಂದರೆ ಲಾಟರಿ ಎಲ್ಲಿಂದ ಶುರುವಾಗಬೇಕು ಎಂದು ಹೇಳುವ ಅಂಕಿ, ಕೊಟ್ಟಿದ್ದಾರೆ, ಎಲ್ಲರಿಗೂ ಒಂದೇ ಉತ್ತರ ಬರಬೇಕು. ಅರ್ಧ ತರಗತಿಗೆ ಒಂದು ಉತ್ತರ, ಇನ್ನರ್ಧಕ್ಕೆ ಇನ್ನೊಂದು. ಇಬ್ಬರು ಹುಡುಗಿಯರು ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿ ವಾದಕ್ಕೇ ಇಳಿದಿದ್ದರು. ಕೊನೆಗೆ ನೋಡಿದರೆ ಒಬ್ಬಳದು ಹಳೆಯ ಆವೃತ್ತಿ. ಏನು ಬದಲಾಯಿತು, ಯಾಕೆ ಬದಲಾಯಿತು, ಹಳೆಯ ರೀತಿಯೇ ಬೇಕಿದ್ದರೆ ಏನು ಟೈಪ್ ಮಾಡಬೇಕು ಎಂಬುದೆಲ್ಲ ಬಿಡುಗಡೆಯ ಟಿಪ್ಪಣಿಯಲ್ಲಿ ಬರೆದಿತ್ತು. ಇಬ್ಬರೂ ರಾಜಿಯಾದರು.

ಹಾಗೆಯೇ ದುಡ್ಡು ಕೊಟ್ಟು ಕೊಂಡದ್ದರಲ್ಲಿ ಇಂಥ ಐಬು ಇರುವುದಿಲ್ಲ ಎಂದೂ ಲೇಖಕರು ನಂಬಬಾರದು. 2002ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಗಾಳಿಯ ದೂಳು ಮತ್ತು ಸಾವಿನ ಸಂಬಂಧದ ಬಗ್ಗೆ ತಾವೇ ಮಾಡಿದ್ದ ಲೆಕ್ಕವನ್ನು ತಿದ್ದಿಕೊಂಡರು. ಅವರು ಬಳಸಿದ್ದು ಎಸ್-ಪ್ಲಸ್ ಎಂಬ ಮಾರಾಟದ ಸಾಫ್ಟ್‌ವೇರ್. ಮತ್ತೆ ಮತ್ತೆ ಹಾಕಿ ಸುಧಾರಿಸುತ್ತಾ ಹೋಗುವ ಲೆಕ್ಕವನ್ನು ಯಾವಾಗ ನಿಲ್ಲಿಸಬೇಕು ಎಂಬ ಮಿತಿಯನ್ನು ಅದು ತಾನಾಗಿಯೇ ತೀರಾ ಸಡಿಲವಾಗಿ ಇಟ್ಟುಕೊಂಡಿತ್ತು. ಬಿಗಿ ಮಾಡಿ ಮತ್ತೆ ಹಾಕಿದಾಗ 0.41 ಶೇಕಡಾ ಇದ್ದ ಸಾವಿನ ಹೆಚ್ಚಳದ ಅಂದಾಜು 0.27ಕ್ಕೆ ಇಳಿಯಿತು. ಸಂಬಂಧ ಮಾಯವಾಗಲಿಲ್ಲ, ಗಾತ್ರ ಬದಲಾಯಿತು. ತಾವಾಗಿಯೇ ಹೇಳಿಕೊಂಡ ಅವರ ಬಗ್ಗೆ ನನಗೆ ಗೌರವವಿದೆ.

‘ಹಿಂದೆ ಕಂಪನಿ ಇಲ್ಲ’ ಎಂಬ ಮಾತಿಗೆ ಬರುತ್ತೇನೆ. ಆರ್ ತೆರೆದ ಕೂಡಲೇ ಮೊದಲ ಪರದೆಯಲ್ಲೇ, ಇದು ಸ್ವತಂತ್ರ ಸಾಫ್ಟ್‌ವೇರ್, ಇದಕ್ಕೆ ಯಾವ ಖಾತರಿಯೂ ಇಲ್ಲವೇ ಇಲ್ಲ ಎಂದು ಬರುತ್ತದೆ, ಖಾತರಿಯಿಲ್ಲ ಎಂಬ ಮಾತು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ. ಅದನ್ನು ನೋಡಿಯೇ ಲೇಖಕರು ಹೆದರಿರಬೇಕು. ಮಾರಾಟದ ಸಾಫ್ಟ್‌ವೇರ್‌ಗಳ ಲೈಸೆನ್ಸ್ ಪತ್ರವನ್ನು ಅವರು ಒಮ್ಮೆ ಪೂರ್ತಿ ಓದಲಿ. ನಾನು ಓದಿದವುಗಳಲ್ಲಿ ‘ಹೇಗಿದೆಯೋ ಹಾಗೆ ತೆಗೆದುಕೊಳ್ಳಿ, ಇದರಿಂದ ಆದ ನಷ್ಟಕ್ಕೆ ನಾವು ಹೊಣೆಯಲ್ಲ’ ಎಂಬ ಮಾತು ಎಲ್ಲೋ ಹಿಂದಿನ ಪುಟದಲ್ಲಿ ಚಿಕ್ಕಕ್ಷರದಲ್ಲಿ ಇದ್ದೇ ಇತ್ತು. ಫೋನ್ ಮಾಡಿದರೆ ಎತ್ತಲು ಒಬ್ಬರು ಇರುತ್ತಾರೆ, ಅದು ನಿಜ. ಅದಕ್ಕಾಗಿ ದುಡ್ಡು ಕೊಡುವುದು ತಪ್ಪೂ ಅಲ್ಲ.

ಇನ್ನು ಹಿಂದೆ ಯಾರಿದ್ದಾರೆ? ಮನುಷ್ಯರಿದ್ದಾರೆ. ಪೈಥಾನ್‌ನಲ್ಲಿ ಗ್ರಾಫ್ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್ ಬರೆದ ಜಾನ್ ಹಂಟರ್ ಶುರು ಮಾಡಿದ್ದು ಮೂರ್ಛೆರೋಗಿಗಳ ಮಿದುಳಿನ ಸಂಕೇತಗಳನ್ನು ಪರದೆಯ ಮೇಲೆ ನೋಡಲು. 2012ರಲ್ಲಿ ಅವರು ತೀರಿಕೊಂಡರು. ಅವರ ಕೋಡನ್ನು ಬೇರೆಯವರು ಇಂದಿಗೂ ನೋಡಿಕೊಳ್ಳುತ್ತಿದ್ದಾರೆ. ನಂಪೈ 2006ರಿಂದ ಇದೆ. ಅದಕ್ಕೆಂದೇ ಮೊದಲ ಅನುದಾನ ಸಿಕ್ಕಿದ್ದು 2017ರಲ್ಲಿ. ಅಲ್ಲಿಯವರೆಗೆ ಬಹುಮಟ್ಟಿಗೆ ಜನ ತಮ್ಮ ಕೆಲಸದ ನಡುವೆ, ರಾತ್ರಿ ಕೂತು ಮಾಡಿದ್ದು. 2019ರಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂತಲ್ಲ, ಅದರ ಲೆಕ್ಕದ ಹಿಂದೆಯೂ ಈ ನಂಪೈ, ಮ್ಯಾಟ್‌ಪ್ಲಾಟ್‌ಲಿಬ್ ಇದ್ದವು. ಅದು ಗಂಭೀರ ಕೆಲಸ ಅಲ್ವಾ?

ನನಗೆ ನಿಜವಾದ ಆತಂಕ ಇರುವುದು ಇಲ್ಲೇ. ಆರ್‌ನ ಪ್ಯಾಕೇಜ್‌ಗಳು ಕ್ರ್ಯಾನ್ ಎಂಬ ಭಂಡಾರದಲ್ಲಿರುತ್ತವೆ. ಈಗ 20,000ಕ್ಕೂ ಹೆಚ್ಚು ಇವೆ. ಪ್ರತಿಯೊಂದಕ್ಕೂ ಒಬ್ಬ ನಿರ್ವಾಹಕರು ಇರಲೇಬೇಕು. ಆರ್ ಬದಲಾದಾಗ ಪ್ಯಾಕೇಜ್ ಮುರಿದರೆ ಅವರಿಗೆ ಇಮೇಲ್ ಹೋಗುತ್ತದೆ. ಉತ್ತರ ಬರದಿದ್ದರೆ ಅದನ್ನು ಪಟ್ಟಿಯಿಂದ ತೆಗೆದು ಹಳೆಯವುಗಳ ಜೊತೆ ಇಟ್ಟುಬಿಡುತ್ತಾರೆ. ನಾನು ವರ್ಷಗಟ್ಟಲೆ ಬಳಸುತ್ತಿದ್ದ ಒಂದು ಪ್ಯಾಕೇಜ್ ಹೀಗೆ ಒಂದು ಬೆಳಗ್ಗೆ ಕಾಣೆಯಾಗಿತ್ತು. ಹಳೆಯ ಪ್ರತಿ ಅಲ್ಲೇ ಸಿಕ್ಕಿತು ಅನ್ನಿ. ಆದರೆ ಅಷ್ಟು ವರ್ಷಗಳಲ್ಲಿ ಆ ನಿರ್ವಾಹಕರಿಗೆ ಒಂದು ಸಾಲು ಧನ್ಯವಾದ ಬರೆದಿದ್ದೆನಾ ಎಂದು ಕೇಳಿಕೊಂಡರೆ, ಇಲ್ಲ. ನನ್ನ ವಿದ್ಯಾರ್ಥಿಗಳ ಪ್ರಬಂಧಗಳಲ್ಲೂ ಪುಸ್ತಕಗಳ ಹೆಸರು ನೂರಿರುತ್ತದೆ, ಪ್ಯಾಕೇಜ್ ಬರೆದವರ ಹೆಸರು ಒಂದೂ ಇರುವುದಿಲ್ಲ. ಹೇಗೆ ಉಲ್ಲೇಖಿಸಬೇಕು ಎಂದು ತೋರಿಸುವ ಆದೇಶವೇ ಆರ್‌ನಲ್ಲಿದೆ. ‘ಬಿಟ್ಟಿ’ ಅಂದರೆ ಬಿದ್ದು ಸಿಕ್ಕಿದ್ದು ಅನ್ನೋ ಭಾವನೆ ಬರುತ್ತದೆ. ಆ ಪದದ ಮೇಲಿನ ನನ್ನ ಸಿಟ್ಟು ಇದಕ್ಕೇ.

ಪತ್ರಿಕೆಗೆ ಒಂದು ಕೋರಿಕೆ. ಸಮೀಕ್ಷೆ, ಅಧ್ಯಯನಗಳ ಸುದ್ದಿ ಹಾಕುವಾಗ ಲೆಕ್ಕ ಮಾಡಿದ ಕೋಡ್ ಮತ್ತು ಡೇಟಾ ಸಿಗುತ್ತದೆಯೇ ಎಂದು ಕೇಳಿ, ಸಿಗುವುದಾದರೆ ಒಂದು ಸಾಲು ಹಾಕಿ. ಸಿಗದಿದ್ದರೆ ಅದನ್ನೂ ಹಾಕಿ. ಇದು ಬರೀ ಮೇಷ್ಟ್ರ ಹಟವಲ್ಲ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಲೇಖನ ಬರೆದರು. ಸಾಲ ಜಿಡಿಪಿಯ ಶೇ 90 ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಮೈನಸ್ 0.1 ಶೇಕಡಾ ಎಂದು ಅದರಲ್ಲಿತ್ತು. ಆಮೇಲೆ ಥಾಮಸ್ ಹೆರ್ನ್‌ಡನ್ ಎಂಬ ವಿದ್ಯಾರ್ಥಿ ತರಗತಿಯ ಹೋಂವರ್ಕ್‌ಗೆಂದು ಅದನ್ನೇ ಮತ್ತೆ ಮಾಡಲು ಹೊರಟ. ಏನು ಮಾಡಿದರೂ ಆ ಅಂಕಿ ಬರಲಿಲ್ಲ. ಕೊನೆಗೆ ಲೇಖಕರನ್ನೇ ಕೇಳಿದ, ಅವರು ಎಕ್ಸೆಲ್ ಹಾಳೆ ಕಳಿಸಿದರು. ಸರಾಸರಿಯ ಸೂತ್ರ ಐದು ದೇಶಗಳ ಸಾಲುಗಳನ್ನು ಬಿಟ್ಟುಬಿಟ್ಟಿತ್ತು. 2013ರಲ್ಲಿ ತನ್ನ ಅಧ್ಯಾಪಕರಿಬ್ಬರ ಜೊತೆ ಸೇರಿ ಅವನು ಎಲ್ಲ ತಿದ್ದಿ ಲೆಕ್ಕ ಹಾಕಿದಾಗ ಬಂದದ್ದು 2.2 ಶೇಕಡಾ. ನಿಖರವಾಗಿ ಹೇಳುವುದಾದರೆ ಹಾಳೆಯ ತಪ್ಪು ಇದರಲ್ಲಿ ಸಣ್ಣ ಪಾಲು. ಕೆಲವು ವರ್ಷಗಳ ಅಂಕಿ ಬಿಟ್ಟದ್ದು, ದೇಶಗಳಿಗೆ ತೂಕ ಕೊಟ್ಟ ರೀತಿ, ಇವೇ ದೊಡ್ಡ ಪಾಲು. ಸೂತ್ರದ ತಪ್ಪನ್ನು ಮೂಲ ಲೇಖಕರು ಒಪ್ಪಿಕೊಂಡರು, ಉಳಿದದ್ದರ ಬಗ್ಗೆ ವಾದ ಮಾಡಿದರು. ಅದೇನೇ ಇರಲಿ, ಹಾಳೆ ಕೈಗೆ ಬರದಿದ್ದರೆ ವಾದವೂ ಇರುತ್ತಿರಲಿಲ್ಲ.

ಕೋಡ್ ಬರೆಯಲು ಹೆದರುವವರಿಗೆ ಜಮೋವಿ, ಜಾಸ್ಪ್ ಎಂಬ ಮುಕ್ತ ಸಾಫ್ಟ್‌ವೇರ್‌ಗಳಿವೆ, ಮೌಸ್ ಒತ್ತಿಕೊಂಡೇ ಕೆಲಸ ಮಾಡಬಹುದು. ಎರಡರ ಒಳಗೂ ಇರುವುದು ಆರ್. ಲೇಖನದಲ್ಲಿ ಇವೆರಡೂ ಇರಲಿಲ್ಲ, ಮುಂದಿನ ಸಲ ಸೇರಿಸಿ.

ತಾಳೆಯಾಗದ ಮೂರನೆಯದನ್ನು ಹೇಳಲೇ ಇಲ್ಲ ಅಲ್ವಾ. ಪ್ರಬಂಧದ ಹನ್ನೊಂದನೇ ಕೋಷ್ಟಕ. ವಾರದಿಂದ ವಾರಕ್ಕೆ ಬೆಳೆಯುವ ವೇಗ ಸಸಿಯಿಂದ ಸಸಿಗೆ ಎಷ್ಟು ಬೇರೆ ಎಂಬ ಅಂದಾಜು. ಪ್ರಬಂಧದಲ್ಲಿ 0.83 ಎಂದಿದೆ. ಡಗ್ಲಸ್ ಬೇಟ್ಸ್ ಮತ್ತು ಜೊತೆಗಾರರ ಎಲ್‌ಎಂಇ4 ಪ್ಯಾಕೇಜಿನಲ್ಲಿ 0.79 ಬರುತ್ತದೆ. ಆ ಪ್ಯಾಕೇಜ್ ಪಿ-ವ್ಯಾಲ್ಯೂ ಕೊಡುವುದೇ ಇಲ್ಲ. ಇಂಥ ಮಾದರಿಗೆ ಅದನ್ನು ಸರಿಯಾಗಿ ಲೆಕ್ಕ ಹಾಕುವುದು ಹೇಗೆಂಬುದೇ ಸ್ಪಷ್ಟವಿಲ್ಲ, ಹಾಗಾಗಿ ಕೊಡುತ್ತಿಲ್ಲ ಎಂದು ಬೇಟ್ಸ್ 2006ರಲ್ಲೇ ಬರೆದು ತಿಳಿಸಿದ್ದರು. ನನಗೆ ಅದು ಹಿಡಿಸಿತು. ಅಂದಾಜಿನ ವಿಧಾನ ಬದಲಿಸಿ ನೋಡಿದೆ. ಅಳತೆ ತಪ್ಪಿದ ವಾರಗಳನ್ನು ಬಿಟ್ಟು ನೋಡಿದೆ, ಸೇರಿಸಿ ನೋಡಿದೆ. 0.83 ಬರಲಿಲ್ಲ. ಹಳೆಯ ಪ್ಯಾಕೇಜ್ ಒಳಗೆ ಏನು ಮಾಡಿತ್ತೋ ನೋಡಲು ದಾರಿಯಿಲ್ಲ. ಪ್ರಬಂಧದ ಆ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಪ್ರಶ್ನೆ ಗುರುತು ಹಾಕಿಟ್ಟಿದ್ದೇನೆ.

ಸಸಿಗಳ ಆ ಫೈಲ್ ಈಗ ಸಾದಾ ಸಿಎಸ್‌ವಿ ರೂಪದಲ್ಲಿದೆ, ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರೀ ಅಂಕಿ-ಅಕ್ಷರ. 211 ಸಾಲು, 14 ಕಾಲಂ. ಓದುಗರಲ್ಲಿ ಯಾರಿಗಾದರೂ ಪ್ರಯತ್ನ ಮಾಡುವ ಮನಸ್ಸಿದ್ದರೆ ಪತ್ರಿಕೆಯ ಮೂಲಕ ತಿಳಿಸಲಿ, ನನ್ನ ಕೋಡ್ ಜೊತೆಗೆ ಕಳಿಸಿಕೊಡುತ್ತೇನೆ.

ಇಂತಿ,
ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕಿ